ಪೈಲಟ್‌ಗೂ ಟವರ್‌ಗೂ ನಡುವೆ ಮಾತು ತಪ್ಪದ ಹಾಗೆ ನೋಡ್ಕೊಳ್ಳೋದು ಹೇಗೆ: ರೇಡಿಯೋ ಕಲಿಯೋರಿಗೆ ಮಾರ್ಗದರ್ಶಿ

ಜಕ್ಕೂರಲ್ಲೋ ಇನ್ನೆಲ್ಲೋ ಫ್ಲೈಯಿಂಗ್ ಸ್ಕೂಲಿಗೆ ಸೇರಿ ಆರ್‌ಟಿಆರ್ ಅನ್ನೋ ರೇಡಿಯೋ ಲೈಸೆನ್ಸ್ ಪರೀಕ್ಷೆಗೆ ಓದ್ತಿರೋರು, ಏರ್‌ಪೋರ್ಟ್ಸ್ ಅಥಾರಿಟಿಯ ಎಟಿಸಿ, ಅಂದ್ರೆ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್ ಹುದ್ದೆಗೆ ತಯಾರಿ ಮಾಡ್ತಿರೋರು, ಮನೇಲಿ ಸಿಮ್ಯುಲೇಟರ್ ಹಾಕ್ಕೊಂಡು ವ್ಯಾಟ್‌ಸಿಮ್ ಅನ್ನೋ ಆನ್‌ಲೈನ್ ನೆಟ್‌ವರ್ಕ್‌ನಲ್ಲಿ ಹಾರಿಸೋರು, ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ, ನನ್ನ ಇಂಗ್ಲಿಷ್ ಸಾಕಾಗತ್ತಾ ಅಂತ. ಕನ್ನಡ ಮೀಡಿಯಂನಿಂದ ಬಂದೋರಿಗೆ ಈ ಭಯ ಇನ್ನೂ ಜಾಸ್ತಿ. ಇಂಗ್ಲಿಷ್ ಬೇಕು, ಇಲ್ಲ ಅನ್ನಲ್ಲ, ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋ ಇಟ್ಟಿರೋ ಆರು ಲೆವೆಲ್‌ನಲ್ಲಿ ಕನಿಷ್ಠ ನಾಲ್ಕನೇ ಲೆವೆಲ್ ಇರ್ಲೇಬೇಕು. ಆದ್ರೆ ರೇಡಿಯೋ ಮಾತಿಂದ ಆದ ದೊಡ್ಡ ಅಪಘಾತಗಳನ್ನ ಒಂದೊಂದಾಗಿ ತೆಗೆದು ನೋಡಿ, ಅಲ್ಲಿ ಗ್ರಾಮರ್ ತಪ್ಪಾಗಿದ್ದಕ್ಕಿಂತ ಅರ್ಧ ಕೇಳಿಸಿದ್ದನ್ನ ಪೂರ್ತಿ ಕೇಳಿಸ್ತು ಅಂದ್ಕೊಂಡಿದ್ದು, ಡೌಟ್ ಬಂದ್ರೂ ಬಾಯಿಬಿಟ್ಟು ಕೇಳದೇ ಇದ್ದಿದ್ದು, ಇವೇ ಜಾಸ್ತಿ ಸಿಗ್ತಾವೆ. ಇಂಗ್ಲಿಷ್ ಮಾತೃಭಾಷೆ ಆಗಿರೋ ಪೈಲಟ್‌ಗಳೂ ಇದೇ ಗುಂಡಿಗೆ ಬಿದ್ದಿದಾರೆ. ಹಾಗಾಗಿ ಬಟನ್ ಒತ್ತೋದ್ರಿಂದ ಶುರು ಮಾಡಿ ಮೇಡೇ (ಪ್ರಾಣಾಪಾಯದ ಕರೆ) ಹೇಳೋ ತನಕ ಹೆಜ್ಜೆ ಹೆಜ್ಜೆಯಾಗಿ ಬರ್ದಿದೀನಿ, ಯಾವ ನಿಯಮ ಎಲ್ಲಿಂದ ಬಂತು ಅಂತಾನೂ ಜೊತೆಗೆ ಹೇಳಿದೀನಿ, ಯಾಕಂದ್ರೆ ಕಾರಣ ಗೊತ್ತಿಲ್ದೆ ಬಾಯಿಪಾಠ ಮಾಡಿದ ನಿಯಮ ಟೆನ್ಷನ್ ಟೈಮಲ್ಲಿ ಬಾಯಿಗೆ ಬರಲ್ಲ.

ಹೆಜ್ಜೆ 1: ಮೊದ್ಲು ರೇಡಿಯೋ ಹೇಗೆ ಕೆಲ್ಸ ಮಾಡತ್ತೆ ತಿಳ್ಕೊಳ್ಳಿ

ಇದು ಫೋನ್ ಅಲ್ಲ, ಒಂದೇ ಲೇನ್ ಇರೋ ಸೇತುವೆ ಥರ, ಒಂದು ಹೊತ್ತಿಗೆ ಒಬ್ಬರೇ ದಾಟಬೇಕು. ನೀವು ಬಟನ್ ಒತ್ತಿ ಹಿಡಿದಿರೋ ಅಷ್ಟೂ ಹೊತ್ತು ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರು ಏನು ಹೇಳಿದ್ರೂ ನಿಮಗೆ ಕೇಳ್ಸಲ್ಲ. ವಿಮಾನಗಳು ಬಳಸೋ ವಿಎಚ್‌ಎಫ್ ಬ್ಯಾಂಡ್ 118ರಿಂದ 137 ಮೆಗಾಹರ್ಟ್ಸ್ ತನಕ, ಅದು ಇವತ್ತಿಗೂ ಎಎಮ್. ಎಫ್‌ಎಮ್‌ನಲ್ಲಾದ್ರೆ ಇಬ್ಬರು ಒಟ್ಟಿಗೆ ಮಾತಾಡಿದಾಗ ಜೋರಾಗಿರೋ ಸಿಗ್ನಲ್ ಇನ್ನೊಂದನ್ನ ಪೂರ್ತಿ ನುಂಗಿಬಿಡತ್ತೆ, ಎಎಮ್‌ನಲ್ಲಿ ಹಾಗಾಗಲ್ಲ, ಎರಡೂ ಸೇರಿ ಕೀಂ ಅಂತ ಒಂದು ಕರ್ಕಶ ಸಿಳ್ಳೆ ಬರತ್ತೆ. ಅದರಿಂದ ಕೇಳ್ತಿರೋ ಮೂರನೆಯವರಿಗೆ ಇಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ್ರು ಅಂತ ಗೊತ್ತಾಗತ್ತೆ. ಮಾತಾಡಿದ ಆ ಇಬ್ಬರಿಗೆ ಮಾತ್ರ ಏನೂ ಗೊತ್ತಾಗಲ್ಲ, ಇಬ್ಬರೂ ನಾನು ಹೇಳಿದ್ದು ತಲುಪ್ತು ಅಂದ್ಕೊಂಡಿರ್ತಾರೆ.

ಹಾಗಾಗಿ ಹೊಸ ಫ್ರೀಕ್ವೆನ್ಸಿಗೆ ಬಂದ ತಕ್ಷಣ ಬಟನ್ ಒತ್ಬೇಡಿ. ಸ್ವಲ್ಪ ಕಿವಿ ಕೊಡಿ, ಟವರ್ ಯಾರಿಗಾದ್ರೂ ಏನಾದ್ರೂ ಹೇಳಿದ್ರೆ ಅದಕ್ಕೆ ಉತ್ತರ ಬರೋ ತನಕ ಕಾಯಿರಿ, ಆ ಉತ್ತರದ ಜಾಗ ಬೇರೆಯವರದ್ದು. ಬಟನ್ ಪೂರ್ತಿ ಒತ್ತಿ ಆಮೇಲೆ ಮಾತು ಶುರು ಮಾಡಿ, ಮಾತು ಮುಗಿದ ಮೇಲೆ ಬಿಡಿ, ತುಂಬ ಜನ ಮೊದಲನೇ ಪದ ಹೇಳ್ತಾ ಹೇಳ್ತಾ ಒತ್ತೋದ್ರಿಂದ ಕಾಲ್ ಸೈನೇ (ರೇಡಿಯೋದಲ್ಲಿ ವಿಮಾನವನ್ನ ಗುರುತಿಸೋ ಹೆಸರು) ಅರ್ಧ ಕಟ್ ಆಗಿ ಹೋಗಿರತ್ತೆ. ಬಟನ್ ಬಿಟ್ಟ ಮೇಲೆ ನಿಜವಾಗ್ಲೂ ಬಿಟ್ಕೊಂಡಿದೆಯಾ ನೋಡಿ, ಒಂದು ಮೈಕ್ ಸಿಕ್ಕಿಹಾಕ್ಕೊಂಡ್ರೆ ಆ ಇಡೀ ಫ್ರೀಕ್ವೆನ್ಸಿ ಸತ್ತ ಹಾಗೆ. ಸಿಳ್ಳೆ ಕೇಳಿಸಿದ್ರೆ ಸುಮ್ನೆ ಇರ್ಬೇಡಿ, "ಬ್ಲಾಕ್ಡ್" ಅಂತ ಒಂದು ಪದ ಹೇಳಿದ್ರೂ ಸಾಕು, ಆ ಇಬ್ಬರಿಗೂ ತಿಳಿಯತ್ತೆ.

ಮಾತಿನ ಸ್ಪೀಡಿಗೂ ಐಕಾವೋ ನಿಯಮ ಇದೆ, ನಿಮಿಷಕ್ಕೆ 100 ಪದ ದಾಟಬಾರದು. ವೇಗವಾಗಿ ಉದುರಿಸಿದ್ರೆ ಪಳಗಿದ ಪೈಲಟ್ ಥರ ಕೇಳ್ಸತ್ತೆ ಅಂತ ಹೊಸಬರಿಗೆ ಒಂದು ಭ್ರಮೆ ಇರತ್ತೆ, ಅದನ್ನ ಮೊದಲನೇ ದಿನಾನೇ ಬಿಟ್ಬಿಡಿ.

ಹೆಜ್ಜೆ 2: ಬಟನ್ ಒತ್ತೋ ಮುಂಚೆ ವಾಕ್ಯ ರೆಡಿ ಇರ್ಲಿ

ಯಾರಿಗೆ ಹೇಳ್ತಿದೀನಿ, ನಾನು ಯಾರು, ಎಲ್ಲಿದೀನಿ, ಏನು ಬೇಕು. ಈ ನಾಲ್ಕು ಅದೇ ಕ್ರಮದಲ್ಲಿ ತಲೇಲಿ ಇದ್ರೆ ಸಾಕು, ತೊಡೆ ಮೇಲಿನ ಪ್ಯಾಡಲ್ಲಿ ಬರ್ಕೊಂಡು ಓದಿದ್ರೂ ತಪ್ಪೇನಿಲ್ಲ. ಆ... ಊಂ... ಅಂತ ಎಳೀತಾ ಬಟನ್ ಹಿಡ್ಕೊಂಡಿರೋ ಹೊತ್ತಲ್ಲಿ ಯಾರೋ ಒಬ್ಬರು ಗೋ ಅರೌಂಡ್ (ಇಳಿಯೋದು ಬಿಟ್ಟು ಮತ್ತೆ ಮೇಲೇರೋದು) ಅಂತ ಹೇಳೋಕೆ ಒದ್ದಾಡ್ತಿರಬಹುದು.

ಹೆಜ್ಜೆ 3: ನಂಬರ್‌ಗಳನ್ನ ಭಯಭಕ್ತಿಯಿಂದ ಹೇಳಿ

ಅಕ್ಷರಗಳಿಗೆ ಆಲ್ಫಾ, ಬ್ರಾವೋ, ಚಾರ್ಲಿ ಇರೋದು ಎಲ್ಲರಿಗೂ ಗೊತ್ತು. ಅಂಕಿಗಳಿಗೂ ಬೇರೆ ಉಚ್ಚಾರಣೆ ಇದೆ, ಮೂರಕ್ಕೆ ಟ್ರೀ, ನಾಲ್ಕಕ್ಕೆ ಫೋವರ್, ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್, ಸಾವಿರಕ್ಕೆ ಟೌಸಂಡ್. ಶುರುವಲ್ಲಿ ಹೇಳೋಕೆ ಮುಜುಗರ ಆಗತ್ತೆ, ಆದ್ರೆ ಗರಗರ ಅನ್ನೋ ಸ್ಪೀಕರ್‌ನಲ್ಲಿ ಫೈವ್ ಮತ್ತೆ ನೈನ್ ಎರಡೂ ಬರೀ "ಐ" ಸ್ವರ ಮಾತ್ರ ಉಳ್ಕೊಂಡು ಒಂದೇ ಥರ ಕೇಳ್ಸತ್ತೆ, ಕೊನೇಲಿ ಒಂದು "ಅರ್" ಸೇರಿದ್ರೆ ಗೊಂದಲ ಹೋಗತ್ತೆ.

ಎತ್ತರ ಹೇಳೋವಾಗ ಆಗೋ ಅನಾಹುತಕ್ಕೆ ಒಂದು ಉದಾಹರಣೆ ಸಾಕು. 1989ರ ಫೆಬ್ರವರಿ 19ರಂದು ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ಸಾಗಿಸೋ 747 ಒಂದು ಕೌಲಾಲಂಪುರದ ಸುಬಾಂಗ್ ಏರ್‌ಪೋರ್ಟಿಗೆ ಇಳೀತಾ ಇತ್ತು. ಕಂಟ್ರೋಲರ್ 2,400 ಅಡಿಗೆ ಇಳೀರಿ ಅನ್ನೋ ಅರ್ಥದಲ್ಲಿ "ಡಿಸೆಂಡ್ ಟೂ ಫೋರ್ ಝೀರೋ ಝೀರೋ" ಅಂದ್ರು. ಕಾಕ್‌ಪಿಟ್‌ನಲ್ಲಿ ಆ ಎರಡನ್ನ "ಟು" ಅಂತ, ಅಂದ್ರೆ 400 ಅಡಿಗೆ ಇಳೀರಿ ಅಂತ ತಗೊಂಡ್ರು, "ಓಕೆ, ಫೋರ್ ಝೀರೋ ಝೀರೋ" ಅಂತ ವಾಪಸ್ ಹೇಳಿದ್ರು ಕೂಡ. ಆ ತಪ್ಪು ಉತ್ತರ ಟವರಿನ ಕಿವಿಗೆ ಬಿದ್ರೂ ಯಾರೂ ಹಿಡೀಲಿಲ್ಲ. ವಿಮಾನ ಗುಡ್ಡಕ್ಕೆ ಬಡೀತು, ಒಳಗಿದ್ದ ನಾಲ್ಕೂ ಜನ ಹೋದ್ರು. ಅಲ್ಲಿ "ಡಿಸೆಂಡ್ ಟು ಆಲ್ಟಿಟ್ಯೂಡ್ ಟೂ ಟೌಸಂಡ್ ಫೋವರ್ ಹಂಡ್ರೆಡ್ ಫೀಟ್" ಅಂತ ಪೂರ್ತಿ ಹೇಳಿದ್ರೆ ಇನ್ನೊಂದರ್ಧ ಸೆಕೆಂಡ್ ಜಾಸ್ತಿ ಹಿಡೀತಿತ್ತು ಅಷ್ಟೆ. ಎತ್ತರಕ್ಕೆ "ಆಲ್ಟಿಟ್ಯೂಡ್" ಅಥವಾ "ಫ್ಲೈಟ್ ಲೆವೆಲ್", ದಿಕ್ಕಿಗೆ "ಹೆಡಿಂಗ್", ವೇಗಕ್ಕೆ "ನಾಟ್ಸ್" ಅಂತ ಹೇಳದೆ ಬರೀ ಬೋಳು ನಂಬರ್ ಯಾವತ್ತೂ ಹೇಳ್ಬೇಡಿ.

ಇದೇ ಥರದ್ದು ಇನ್ನೊಂದಿದೆ, ವಾತಾವರಣದ ಒತ್ತಡ. ಎತ್ತರ ತೋರಿಸೋ ಮೀಟರನ್ನ ಈ ಒತ್ತಡಕ್ಕೆ ಹೊಂದಿಸ್ಬೇಕು, ಆ ಅಂಕಿಗೆ ಕ್ಯೂಎನ್‌ಎಚ್ ಅಂತಾರೆ. ನಮ್ಮಲ್ಲಿ ಅದನ್ನ ಹೆಕ್ಟೊಪಾಸ್ಕಲ್‌ನಲ್ಲಿ ಕೊಡ್ತಾರೆ, ಅಮೆರಿಕದಲ್ಲಿ ಪಾದರಸದ ಇಂಚಿನಲ್ಲಿ. ಒತ್ತಡ ಕಮ್ಮಿ ಇರೋ ದಿನ ಟವರ್ "ನೈನರ್ ನೈನರ್ ಟೂ" ಅಂದ್ರೆ ಅದು 992 ಹೆಕ್ಟೊಪಾಸ್ಕಲ್, ಇಂಚಿಗೆ ಒಗ್ಗಿಹೋದ ಪೈಲಟ್ ಅದನ್ನ 29.92 ಅಂದ್ಕೊಂಡ್ರೆ ಅದು 1013ಕ್ಕೆ ಸಮ. 21 ಹೆಕ್ಟೊಪಾಸ್ಕಲ್ ವ್ಯತ್ಯಾಸ ಅಂದ್ರೆ ಹೆಚ್ಚುಕಮ್ಮಿ 600 ಅಡಿ, ಮೀಟರ್ ತೋರಿಸೋದಕ್ಕಿಂತ ವಿಮಾನ 600 ಅಡಿ ಕೆಳಗಿರತ್ತೆ, ಮೋಡದೊಳಗೆ ಇಳಿಯೋವಾಗ ಅಷ್ಟು ಸಾಕು. ನಂಬರ್ ಜೊತೆ ಯೂನಿಟ್ ಹೇಳಿ ಅನ್ನೋದು ಇದಕ್ಕೇ.

ಹೆಜ್ಜೆ 4: ಕಾಲ್ ಸೈನ್ ಬಿಡ್ಬೇಡಿ

ಇಂಡಿಗೋ ರೇಡಿಯೋದಲ್ಲಿ "ಐಫ್ಲೈ", ಬ್ರಿಟಿಷ್ ಏರ್‌ವೇಸ್ "ಸ್ಪೀಡ್‌ಬರ್ಡ್". ಬೆಳಗ್ಗೆ ರಶ್‌ನಲ್ಲಿ ಒಂದೇ ಕಂಪನಿಯ ನಾಲ್ಕೈದು ವಿಮಾನ ಒಂದೇ ಫ್ರೀಕ್ವೆನ್ಸಿಯಲ್ಲಿದ್ದು ಒಂದರ ನಂಬರ್ 6124, ಇನ್ನೊಂದರದ್ದು 6142 ಅಂತಿದ್ರೆ ಒಬ್ಬರಿಗೆ ಹೇಳಿದ್ದನ್ನ ಇನ್ನೊಬ್ಬರು ತಗೊಳ್ಳೋದು ಬಹಳ ಸುಲಭ. ಆದ್ರಿಂದ ಪ್ರತಿ ಉತ್ತರದ ಕೊನೇಲಿ ನಿಮ್ಮ ಪೂರ್ತಿ ಕಾಲ್ ಸೈನ್ ಬರ್ಲೇಬೇಕು. ಚಿಕ್ಕದು ಮಾಡಿ ಕರೆಯೋದನ್ನ ಟವರ್ ಮೊದಲು ಶುರು ಮಾಡಿದ್ರೆ ಮಾತ್ರ ನೀವೂ ಮಾಡಿ. ಈ ಇನ್‌ಸ್ಟ್ರಕ್ಷನ್ ನನಗಾ ಅಂತ ಅನುಮಾನ ಬಂದ್ರೆ ನನಗೇ ಇರಬೇಕು ಅಂದ್ಕೊಂಡು ಮುಂದುವರೀಬೇಡಿ, "ಕನ್ಫರ್ಮ್ ದಟ್ ವಾಸ್ ಫಾರ್ ಐಫ್ಲೈ 6124" ಅಂತ ಕೇಳಿ. ನಿಮಗೆ ಬರಬೇಕಾದ ಇನ್‌ಸ್ಟ್ರಕ್ಷನ್‌ಗೆ ಬೇರೆಯವರು ಉತ್ತರ ಕೊಟ್ಟಿದ್ದು ಕೇಳಿಸಿದ್ರೂ ಹೇಳಿ, ಅದು ಅಧಿಕಪ್ರಸಂಗ ಅಲ್ಲ.

ಹೆಜ್ಜೆ 5: ರೀಡ್‌ಬ್ಯಾಕ್, ಹಿಯರ್‌ಬ್ಯಾಕ್

ಟವರ್ ಹೇಳಿದ್ದನ್ನ ಪೈಲಟ್ ಅದೇ ಪದಗಳಲ್ಲಿ ವಾಪಸ್ ಹೇಳೋದು ರೀಡ್‌ಬ್ಯಾಕ್, ಅದು ಸರಿ ಇದೆಯಾ ಅಂತ ಕಂಟ್ರೋಲರ್ ಕಿವಿಗೊಟ್ಟು ಪರೀಕ್ಷೆ ಮಾಡೋದು ಹಿಯರ್‌ಬ್ಯಾಕ್. ಎರಡೂ ಸೇರಿದ್ರೆ ಮಾತ್ರ ಒಂದು ಸಂದೇಶ ಮುಗಿದ ಹಾಗೆ. ರೂಟ್ ಕ್ಲಿಯರೆನ್ಸ್, ರನ್‌ವೇಗೆ ಸಂಬಂಧಿಸಿದ ಎಲ್ಲ ಮಾತು, ಎತ್ತರ, ಹೆಡಿಂಗ್, ಸ್ಪೀಡ್, ಕ್ಯೂಎನ್‌ಎಚ್, ಸ್ಕ್ವಾಕ್ ಕೋಡ್ (ರೇಡಾರ್‌ನಲ್ಲಿ ವಿಮಾನವನ್ನ ಗುರುತಿಸೋ ನಾಲ್ಕಂಕಿ), ಹೊಸ ಫ್ರೀಕ್ವೆನ್ಸಿ, ಇಷ್ಟನ್ನ ಕಡ್ಡಾಯವಾಗಿ ವಾಪಸ್ ಹೇಳ್ಬೇಕು. ಇವಕ್ಕೆ ಬರೀ "ರೋಜರ್" ಅಂದ್ರೆ ಆಗಲ್ಲ, ರೋಜರ್ ಅಂದ್ರೆ ನಿಮ್ಮ ಮಾತು ಪೂರ್ತಿ ಕೇಳಿಸ್ತು ಅಂತ ಅಷ್ಟೇ, ಸರಿಯಾಗಿ ಕೇಳಿಸ್ತಾ ಅನ್ನೋದು ಅದರಿಂದ ಯಾರಿಗೂ ಗೊತ್ತಾಗಲ್ಲ. ಮೈಕ್ ಎರಡು ಸಲ ಕ್ಲಿಕ್ ಮಾಡಿ ಉತ್ತರ ಕೊಟ್ಟೆ ಅನ್ನೋ ಅಭ್ಯಾಸ ಇದ್ರೆ ಅದನ್ನೂ ಬಿಡಿ.

ಇಲ್ಲಿ ನಿಜವಾದ ಶತ್ರು ನಮ್ಮ ನಿರೀಕ್ಷೆ. ದಿನಾ ಅದೇ ರೂಟಲ್ಲಿ ಅದೇ ಎತ್ತರ ಸಿಗ್ತಿದ್ರೆ ಇವತ್ತು ಬೇರೆ ಹೇಳಿದ್ರೂ ಕಿವಿಗೆ ನಿನ್ನೇದೇ ಕೇಳ್ಸತ್ತೆ, ಕಂಟ್ರೋಲರ್‌ಗೂ ಹಾಗೇ, ತಾನು ಹೇಳಿದ ನಂಬರ್ ತಲೇಲಿ ಕೂತಿರೋದ್ರಿಂದ ಪೈಲಟ್ ತಪ್ಪು ಹೇಳಿದ್ರೂ ಸರಿಯಾಗೇ ಕೇಳ್ಸತ್ತೆ. ಅದಕ್ಕೆ ಇಬ್ಬರು ಪೈಲಟ್ ಇರೋ ಕಡೆ ಒಬ್ಬರು ರೀಡ್‌ಬ್ಯಾಕ್ ಕೊಡೋವಾಗಲೇ ಇನ್ನೊಬ್ಬರು ಆ ಎತ್ತರವನ್ನ ಪ್ಯಾನಲ್‌ನಲ್ಲಿ ಸೆಟ್ ಮಾಡಿ, ಬೆರಳಿಟ್ಟು ತೋರಿಸಿ, ಇಬ್ಬರೂ ನೋಡಿ ಬಾಯಲ್ಲಿ ಹೇಳ್ಬೇಕು.

ರೀಡ್‌ಬ್ಯಾಕ್ ಸರಿ ಇದ್ರೂ ಸಾಲಲ್ಲ ಅನ್ನೋದಕ್ಕೆ ನಮ್ಮ ದೇಶದಲ್ಲೇ ಘೋರ ಉದಾಹರಣೆ ಇದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ದೆಹಲಿಯಿಂದ ಹೊರಟ ಸೌದಿಯಾದ 747, ದೆಹಲಿಗೆ ಇಳೀತಿದ್ದ ಕಜಕ್‌ಸ್ತಾನ್ ಏರ್‌ಲೈನ್ಸಿನ ಇಲ್ಯೂಶಿನ್ 76 ಎರಡೂ ಡಿಕ್ಕಿ ಆದ್ವು, 349 ಜನ ಸತ್ರು, ಆಕಾಶದಲ್ಲಿ ಆದ ಡಿಕ್ಕಿಗಳಲ್ಲಿ ಅದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ. ಕಜಕ್ ವಿಮಾನಕ್ಕೆ 15,000 ಅಡಿಗೆ ಇಳಿಯೋಕೆ ಅನುಮತಿ, ಸೌದಿಯಾಗೆ 14,000 ಅಡಿಯಲ್ಲಿ ಇರೋಕೆ. ಕಜಕ್ ಕಡೆಯಿಂದ 15,000ಕ್ಕೆ ಬಂದ್ವಿ ಅಂತ ಹೇಳಿದ್ದೂ ಆಯ್ತು, ಎದುರಿಂದ ಸೌದಿಯಾ ಬರ್ತಿದೆ ಅಂತ ಕಂಟ್ರೋಲರ್ ಎಚ್ಚರಿಸಿದ್ದೂ ಆಯ್ತು, ಆದ್ರೂ ವಿಮಾನ 15,000 ದಾಟಿ ಕೆಳಗೆ ಇಳೀತಾನೇ ಹೋಯ್ತು. ಆ ಕಾಕ್‌ಪಿಟ್‌ನಲ್ಲಿ ರೇಡಿಯೋಗೆ ಅಂತಲೇ ಬೇರೆ ಒಬ್ಬ ಆಪರೇಟರ್ ಇದ್ರು, ಅವರ ಮುಂದೆ ಎತ್ತರ ತೋರಿಸೋ ಮೀಟರ್ ಇರ್ಲಿಲ್ಲ, ಪೈಲಟ್ ಭುಜದ ಮೇಲಿಂದ ಬಗ್ಗಿ ನೋಡ್ಬೇಕಿತ್ತು. ಅಂದ್ರೆ ಟವರ್ ಜೊತೆ ಮಾತಾಡೋ ಬಾಯಿ ಒಂದು, ವಿಮಾನ ಹಾರಿಸೋ ಕೈ ಇನ್ನೊಂದು, ನಡುವೆ ಮೀಟರ್ ಓದೋ ಕಣ್ಣು ಕೈಕೊಡ್ತು. ಆಗ ದೆಹಲಿಯಲ್ಲಿ ಕಂಟ್ರೋಲರ್ ಮುಂದಿನ ರೇಡಾರ್‌ನಲ್ಲಿ ವಿಮಾನದ ಎತ್ತರ ಕಾಣ್ತಿರ್ಲಿಲ್ಲ, ಪೈಲಟ್ ಹೇಳಿದ್ದನ್ನ ನಂಬಬೇಕಿತ್ತು, ಬರೋದಕ್ಕೂ ಹೋಗೋದಕ್ಕೂ ಒಂದೇ ದಾರಿ ಬೇರೆ. ಆಮೇಲೆ ದಾರಿ ಬೇರೆ ಬೇರೆ ಮಾಡಿದ್ರು, ಇನ್ನೊಂದು ವಿಮಾನ ಹತ್ರ ಬಂದ್ರೆ ತಾನೇ ಎಚ್ಚರಿಸಿ ಮೇಲೇರು, ಕೆಳಗಿಳಿ ಅಂತ ಹೇಳೋ ಟಿಕ್ಯಾಸ್ ಅನ್ನೋ ಸಾಧನ ಭಾರತದಲ್ಲಿ ಕಡ್ಡಾಯ ಆಯ್ತು.

ಟಿಕ್ಯಾಸ್ ಅಂದಾಗ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಟಿಕ್ಯಾಸ್ ಮೇಲೇರು ಅಂತಿದೆ, ಎಟಿಸಿ ಕೆಳಗಿಳಿ ಅಂತಿದೆ ಅಂದ್ರೆ ಟಿಕ್ಯಾಸ್ ಹೇಳಿದ್ದೇ ಮಾಡ್ಬೇಕು, ರೇಡಿಯೋದಲ್ಲಿ "ಟಿಕ್ಯಾಸ್ ಆರ್‌ಎ" ಅಂತ ಹೇಳ್ಬೇಕು, ಮುಗಿದ ಮೇಲೆ "ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್". 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್‌ಲಿಂಗೆನ್ ಮೇಲೆ ಒಂದು ವಿಮಾನ ಟಿಕ್ಯಾಸ್ ಮಾತು ಕೇಳ್ತು, ಇನ್ನೊಂದು ಕಂಟ್ರೋಲರ್ ಮಾತು ಕೇಳ್ತು, ಎರಡೂ ಕೆಳಗೇ ಇಳಿದು ಡಿಕ್ಕಿ ಆಗಿ 71 ಜನ ಸತ್ರು.

ಹೆಜ್ಜೆ 6: ರನ್‌ವೇ ಹತ್ರ ಇದ್ದಾಗ ಒಂದು ಪದನೂ ಊಹೆ ಮಾಡ್ಬೇಡಿ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ವಿಮಾನಯಾನ ಇತಿಹಾಸದ ಅತಿ ದೊಡ್ಡ ಅಪಘಾತ ಆಗಿದ್ದು ಆಕಾಶದಲ್ಲಲ್ಲ, ರನ್‌ವೇ ಮೇಲೆ, ಅದೂ ಕೆಲವೇ ಸೆಕೆಂಡಿನ ರೇಡಿಯೋ ಮಾತಲ್ಲಿ.

1977ರ ಮಾರ್ಚ್ 27. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಏರ್‌ಪೋರ್ಟ್‌ನಲ್ಲಿ ಬಾಂಬ್ ಸಿಡಿದು ವಿಮಾನಗಳನ್ನೆಲ್ಲ ಪಕ್ಕದ ಟೆನೆರಿಫೆಯ ಲಾಸ್ ರೋಡಿಯೋಸ್‌ಗೆ ತಿರುಗಿಸಿದ್ರು. ಚಿಕ್ಕ ಏರ್‌ಪೋರ್ಟ್, ಟ್ಯಾಕ್ಸಿವೇ ತುಂಬ ವಿಮಾನ, ಹಾಗಾಗಿ ಹೊರಡೋ ವಿಮಾನಗಳು ರನ್‌ವೇ ಮೇಲೇ ಉಲ್ಟಾ ನಡ್ಕೊಂಡು ಹೋಗ್ಬೇಕಿತ್ತು. ಮುಂದೆ ಕೆಎಲ್‌ಎಮ್‌ನ 747, ಹಿಂದೆ ಪ್ಯಾನ್ ಆಮ್‌ನ 747, ಸುತ್ತ ದಟ್ಟ ಮಂಜು, ಟವರ್‌ಗೆ ಇಬ್ಬರೂ ಕಾಣ್ತಿಲ್ಲ. ಕೆಎಲ್‌ಎಮ್ ತುದಿಗೆ ಹೋಗಿ ತಿರುಗಿ ನಿಂತ ಮೇಲೆ ಅವರಿಗೆ ರೂಟ್ ಕ್ಲಿಯರೆನ್ಸ್ ಬಂತು, ಅಂದ್ರೆ ಮೇಲೆ ಹೋದ ಮೇಲೆ ಯಾವ ದಾರಿ ಅನ್ನೋದು. ಅದು ಟೇಕಾಫ್ ಅನುಮತಿ ಅಲ್ಲ, ಆದ್ರೆ ಆ ವಾಕ್ಯದಲ್ಲಿ ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ ಅಂತ ಆ ಪದ ಇತ್ತು. ಕೋ ಪೈಲಟ್ ಅದನ್ನ ವಾಪಸ್ ಓದಿ ಕೊನೇಲಿ "ವಿ ಆರ್ ನೌ ಅಟ್ ಟೇಕಾಫ್" ಅಂತ ಸೇರಿಸಿದ್ರು, ಅಷ್ಟು ಹೊತ್ತಿಗೆ ಕ್ಯಾಪ್ಟನ್ ಹೊರಟಾಗಿತ್ತು. ಕಂಟ್ರೋಲರ್ ಅದನ್ನ ಟೇಕಾಫ್ ಜಾಗದಲ್ಲಿ ನಿಂತಿದೀವಿ ಅಂತ ತಿಳ್ಕೊಂಡು "ಓಕೆ" ಅಂದ್ರು, ಸ್ವಲ್ಪ ತಡೆದು "ಸ್ಟ್ಯಾಂಡ್‌ಬೈ ಫಾರ್ ಟೇಕಾಫ್, ಐ ವಿಲ್ ಕಾಲ್ ಯು" ಅಂದ್ರು. ಅದೇ ಹೊತ್ತಿಗೆ ಪ್ಯಾನ್ ಆಮ್ ಗಾಬರಿಯಿಂದ ನಾವಿನ್ನೂ ರನ್‌ವೇ ಮೇಲೇ ಇದೀವಿ ಅಂತ ಬಟನ್ ಒತ್ತಿದ್ರು. ಎರಡೂ ಒಂದರ ಮೇಲೊಂದು ಬಿದ್ದು ಕೆಎಲ್‌ಎಮ್ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಆ "ಓಕೆ" ಒಂದೇ, ಉಳಿದಿದ್ದೆಲ್ಲ ಸಿಳ್ಳೆ.

ಅದಾದ ಮೇಲೂ ಒಂದು ಅವಕಾಶ ಇತ್ತು. ಟವರ್ ಪ್ಯಾನ್ ಆಮ್‌ಗೆ ರನ್‌ವೇ ಖಾಲಿ ಆದಾಗ ತಿಳಿಸಿ ಅಂತ ಹೇಳಿದ್ದು, ಅವರು ಆಯ್ತು ಅಂದಿದ್ದು, ಎರಡೂ ಕೆಎಲ್‌ಎಮ್ ಕಾಕ್‌ಪಿಟ್‌ನಲ್ಲಿ ಕೇಳಿಸ್ತು, ಅಲ್ಲಿದ್ದ ಫ್ಲೈಟ್ ಇಂಜಿನಿಯರ್ ಆ ಪ್ಯಾನ್ ಆಮ್ ಇನ್ನೂ ಖಾಲಿ ಮಾಡಿಲ್ವಾ ಅಂತ ಕೇಳಿದ್ರು ಕೂಡ. ಕ್ಯಾಪ್ಟನ್ ಖಡಾಖಂಡಿತವಾಗಿ ಮಾಡಿದೆ ಅಂದ್ರು, ಅವರು ಕಂಪನಿಯ ಬಹಳ ಹಿರಿಯ ಕ್ಯಾಪ್ಟನ್, ಮಾತು ಅಲ್ಲಿಗೆ ನಿಂತ್ಹೋಯ್ತು. ಎರಡೂ ವಿಮಾನ ಡಿಕ್ಕಿ ಆಗಿ 583 ಜನ ಸತ್ರು. ಡೌಟ್ ಬಂದಿದ್ದು ಒಬ್ಬರಿಗೆ, ರೇಡಿಯೋ ಬಟನ್ ಇದ್ದಿದ್ದು ಎಲ್ಲರ ಹತ್ರ, ಒಂದು ಪ್ರಶ್ನೆ ಹೊರಗೆ ಹೋಗ್ಲಿಲ್ಲ.

ಇವತ್ತು ನೀವು ಕಲಿಯೋ ನಿಯಮ ಅಲ್ಲಿಂದ ಬಂದಿದ್ದು. "ಟೇಕಾಫ್" ಅನ್ನೋ ಪದ ಟೇಕಾಫ್ ಅನುಮತಿ ಕೊಡೋವಾಗ, ಅದನ್ನ ವಾಪಸ್ ಹೇಳೋವಾಗ, ಅಥವಾ ರದ್ದು ಮಾಡೋವಾಗ ಮಾತ್ರ ಬರ್ಬೇಕು, ಮಿಕ್ಕ ಎಲ್ಲ ಕಡೆ "ಡಿಪಾರ್ಚರ್". ರೆಡಿ ಇದ್ರೆ "ರೆಡಿ ಫಾರ್ ಡಿಪಾರ್ಚರ್" ಅನ್ನಿ. ರನ್‌ವೇಗೆ ಹೋಗಿ ನಿಲ್ಲಿ ಅಂದ್ರೆ "ಲೈನ್ ಅಪ್ ಅಂಡ್ ವೇಟ್", ಒಳಗೆ ಬರ್ಬೇಡಿ ಅಂದ್ರೆ "ಹೋಲ್ಡ್ ಶಾರ್ಟ್", ಇವೆರಡನ್ನೂ ರನ್‌ವೇ ನಂಬರ್ ಸೇರಿಸಿ ಪದ ಬಿಡದೆ ವಾಪಸ್ ಹೇಳಿ.

ಇಷ್ಟಾದ್ರೂ ಅಪಾಯ ಹೋಗಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಭೂಕಂಪ ಪರಿಹಾರಕ್ಕೆ ಹೊರಟಿದ್ದ ಕೋಸ್ಟ್ ಗಾರ್ಡಿನ ಚಿಕ್ಕ ವಿಮಾನಕ್ಕೆ ಟವರ್ ಹೇಳಿದ್ದು ನೀವು ನಂಬರ್ ಒನ್, ಸಿ5 ಹೋಲ್ಡಿಂಗ್ ಪಾಯಿಂಟ್‌ಗೆ ಬನ್ನಿ ಅಂತ. ರೀಡ್‌ಬ್ಯಾಕ್ ಕೂಡ ಸರಿಯಾಗೇ ಕೊಟ್ರು. ಆದ್ರೆ ಹೋಲ್ಡಿಂಗ್ ಪಾಯಿಂಟ್ ದಾಟಿ ರನ್‌ವೇ ಒಳಗೇ ಹೋಗಿ ನಿಂತ್ರು, ಮೇಲಿಂದ ಇಳಿದ ಜಪಾನ್ ಏರ್‌ಲೈನ್ಸಿನ ಎ350 ಬಂದು ಬಡೀತು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಹೊರಗೆ ಬಂದಿದ್ದು ಸಿಬ್ಬಂದಿಯ ಶಿಸ್ತಿನಿಂದ, ಕೋಸ್ಟ್ ಗಾರ್ಡಿನ ಆರು ಜನರಲ್ಲಿ ಐದು ಜನ ಉಳೀಲಿಲ್ಲ. ಆಮೇಲೆ ಜಪಾನಿನಲ್ಲಿ "ನಂಬರ್ ಒನ್" ಅಂತ ಸರದಿ ಹೇಳೋದನ್ನ ಕೆಲಕಾಲ ನಿಲ್ಲಿಸಿದ್ರು. ಸರದಿ ಸಂಖ್ಯೆ ಅನುಮತಿ ಅಲ್ಲ ಅಂತ ತಲೇಲಿ ಅಚ್ಚೊತ್ಕೊಳ್ಳಿ. 2000ದ ಮೇ 25ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಲ್ಲೂ "ಲೈನ್ ಅಪ್ ಅಂಡ್ ವೇಟ್, ನಂಬರ್ ಟೂ" ಅನ್ನೋದು ಇಂಥದ್ದೇ ಗೊಂದಲ ಮಾಡ್ತು, ಅದ್ರ ಜೊತೆಗೆ ಇನ್ನೊಂದು ವಿಮಾನಕ್ಕೆ ಟೇಕಾಫ್ ಅನುಮತಿ ಕೊಟ್ಟಿದ್ದು ಫ್ರೆಂಚ್‌ನಲ್ಲಿ, ಇಂಗ್ಲಿಷ್ ಪೈಲಟ್‌ಗಳಿಗೆ ಅದರಿಂದ ಏನೂ ಸುಳಿವು ಸಿಗ್ಲಿಲ್ಲ, ಎರಡೂ ವಿಮಾನ ಡಿಕ್ಕಿ ಆಗಿ ಅವರಲ್ಲಿ ಒಬ್ಬರು ಸತ್ರು. ಫ್ರೀಕ್ವೆನ್ಸಿಯಲ್ಲಿ ಎಲ್ಲರಿಗೂ ಅರ್ಥ ಆಗೋ ಒಂದೇ ಭಾಷೆ ಇರ್ಲಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಇನ್ನೊಂದು, ನೀವು ಎಲ್ಲಿದೀರಿ ಅಂತ ಹೇಳಿದ್ದು ಟವರ್‌ಗೆ ಗುರುತು ಹತ್ತದೇ ಇದ್ರೆ ಅಲ್ಲೇ ನಿಲ್ಲಿ. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾತೆಯಲ್ಲಿ ಮಂಜಿನಲ್ಲಿ ದಾರಿ ತಪ್ಪಿದ ಸೆಸ್ನಾ ಪೈಲಟ್ ನೆಲದ ಮೇಲೆ ಕಂಡ ಎಸ್4 ಅನ್ನೋ ಗುರುತನ್ನ ಹೇಳಿದ್ರು, ಆ ಗುರುತು ಕಂಟ್ರೋಲರ್ ನಕ್ಷೆಯಲ್ಲೇ ಇರ್ಲಿಲ್ಲ, ಗ್ರೌಂಡ್ ರೇಡಾರ್ ಕೆಲ್ಸ ಮಾಡ್ತಿರ್ಲಿಲ್ಲ. ಆ ಜಾಗ ಯಾವುದು ಅಂತ ಬಗೆಹರಿಸದೆ ಮುಂದುವರೀರಿ ಅಂದಿದ್ದಕ್ಕೆ ರನ್‌ವೇ ಮೇಲೆ ಡಿಕ್ಕಿ ಆಗಿ 118 ಜೀವ ಹೋಯ್ತು.

ಹೆಜ್ಜೆ 7: ಕಷ್ಟ ಬಂದ್ರೆ ಕಷ್ಟ ಅಂತಲೇ ಹೇಳಿ

ನಮ್ಮ ಕಡೆ ದೊಡ್ಡವರ ಹತ್ರ ಮಾತಾಡೋವಾಗ ಸ್ವಲ್ಪ ತಗ್ಗಿಸಿ, ಸುತ್ತಿ ಬಳಸಿ ಹೇಳೋದು ಮರ್ಯಾದೆ. ರೇಡಿಯೋದಲ್ಲಿ ಅದು ಪ್ರಾಣಕ್ಕೆ ಕುತ್ತು. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ 52 ನ್ಯೂಯಾರ್ಕ್ ಹತ್ರ ಹವಾಮಾನ ಕೆಟ್ಟು ಒಟ್ಟು 77 ನಿಮಿಷ ಸುತ್ತು ಹೊಡೀತು. ಇಂಧನ ಮುಗೀತಾ ಬಂದಿತ್ತು. ಕೋ ಪೈಲಟ್ ಪ್ರಯಾರಿಟಿ ಬೇಕು ಅಂದ್ರು, ಇಂಧನ ಖಾಲಿ ಆಗ್ತಿದೆ ಅಂದ್ರು, ಆದ್ರೆ ಎಮರ್ಜೆನ್ಸಿ ಅಂತಾಗ್ಲಿ ಮೇಡೇ ಅಂತಾಗ್ಲಿ ಒಂದು ಸಲನೂ ಬರ್ಲಿಲ್ಲ. ಕ್ಯಾಪ್ಟನ್ ಎಮರ್ಜೆನ್ಸಿ ಅಂತ ಹೇಳು ಅಂದಾಗ ಹೇಳಿದೀನಿ ಅಂತಲೇ ಉತ್ತರ ಬಂತು. ಹದಿನೈದು ಮೈಲಿ ಸುತ್ತಿಸಿ ತರ್ತೀನಿ, ನಿಮ್ಮ ಇಂಧನಕ್ಕೆ ಪರವಾಗಿಲ್ವಾ ಅಂತ ಕಂಟ್ರೋಲರ್ ಕೇಳಿದ್ದಕ್ಕೆ "ಐ ಗೆಸ್ ಸೋ, ಥ್ಯಾಂಕ್ ಯು ವೆರಿ ಮಚ್" ಅಂದ್ರು. ಸ್ವಲ್ಪ ಹೊತ್ತಿಗೆ ಇಂಜಿನ್‌ಗಳು ನಿಂತು ಲಾಂಗ್ ಐಲ್ಯಾಂಡ್ ಗುಡ್ಡದ ಮೇಲೆ ಬಿತ್ತು, 158 ಜನರಲ್ಲಿ 73 ಜನ ಹೋದ್ರು.

ಇನ್ನೂ ತಡ ಮಾಡಿದ್ರೆ ಇಳಿಯೋವಾಗ ಉಳೀಬೇಕಾದ ಇಂಧನ ಕಮ್ಮಿ ಆಗ್ಬಹುದು ಅಂತಿದ್ರೆ "ಮಿನಿಮಮ್ ಫ್ಯೂಯೆಲ್", ಕಮ್ಮಿ ಆಗೋದು ಖಂಡಿತ ಅಂದ್ರೆ "ಮೇಡೇ ಮೇಡೇ ಮೇಡೇ ಫ್ಯೂಯೆಲ್". ಜೀವಕ್ಕೆ ತಕ್ಷಣದ ಅಪಾಯ ಅಂದ್ರೆ ಮೇಡೇ ಮೂರು ಸಲ, ತುರ್ತು ಇದೆ ಆದ್ರೆ ಅಷ್ಟಿಲ್ಲ ಅಂದ್ರೆ ಪ್ಯಾನ್ ಪ್ಯಾನ್ ಮೂರು ಸಲ. ಸ್ಕ್ವಾಕ್ 7700 ಹಾಕಿ. ಆಮೇಲೆ ಪೇಪರ್ ತುಂಬ್ಬೇಕಲ್ಲ, ಯಾರಾದ್ರೂ ಬೈತಾರೇನೋ ಅಂತ ಯೋಚ್ನೆ ಮಾಡೋ ಹೊತ್ತು ಅದಲ್ಲ.

ಹೆಜ್ಜೆ 8: ಡೌಟ್‌ಗೆ ಇರೋ ಪದಗಳನ್ನ ನಾಲಿಗೆ ತುದೀಲಿ ಇಟ್ಕೊಳ್ಳಿ

ಕೇಳಿಸ್ಲಿಲ್ಲ ಅಂದ್ರೆ "ಸೇ ಅಗೇನ್". ಕೊನೇ ಭಾಗ ಮಾತ್ರ ಹೋಯ್ತು ಅಂದ್ರೆ "ಸೇ ಅಗೇನ್ ಆಲ್ ಆಫ್ಟರ್" ಅಂತ ಹೇಳಿ ಕೇಳಿಸಿದ ಕೊನೇ ಪದ ಸೇರಿಸಿ. ಕೇಳಿಸ್ತು ಆದ್ರೆ ನಂಬಿಕೆ ಬರ್ಲಿಲ್ಲ ಅಂದ್ರೆ "ಕನ್ಫರ್ಮ್". ತಪ್ಪು ಹೇಳಿದ್ರೆ "ಕರೆಕ್ಷನ್" ಅಂದು ಸರಿಯಾಗಿದ್ದನ್ನ ಹೇಳಿ. ಹೇಳಿದ್ದು ಮಾಡೋಕಾಗಲ್ಲ ಅಂದ್ರೆ "ಅನೇಬಲ್", ಕಾರಣ ಆಮೇಲೆ. ಕೆಲ್ಸದ ಮಧ್ಯೆ ಇದೀನಿ ಅಂದ್ರೆ "ಸ್ಟ್ಯಾಂಡ್‌ಬೈ". ಈ ಪದಗಳಿಂದಲೂ ಕೆಲ್ಸ ಆಗಲ್ಲ ಅನ್ನೋ ವಿಚಿತ್ರ ಪರಿಸ್ಥಿತಿ ಬಂದಾಗ ಸರಳ ಇಂಗ್ಲಿಷ್‌ನಲ್ಲಿ ಚಿಕ್ಕ ವಾಕ್ಯ ಹೇಳಿ, ಲೆವೆಲ್ 4 ಪರೀಕ್ಷೆ ಇರೋದೇ ಆ ಹೊತ್ತಿಗೆ. ಕಾಕ್‌ಪಿಟ್‌ನಲ್ಲಿ ಇಬ್ಬರಲ್ಲಿ ಒಬ್ಬರಿಗೆ ಒಂದು ಕೇಳಿಸಿ ಇನ್ನೊಬ್ಬರಿಗೆ ಬೇರೆ ಕೇಳಿಸಿದ್ರೆ ನಿಮ್ಮೊಳಗೇ ವೋಟ್ ಹಾಕ್ಕೊಂಡು ತೀರ್ಮಾನ ಮಾಡ್ಬೇಡಿ, ಹಿರಿಯರು ಹೇಳಿದ್ದೇ ಸರಿ ಅಂತಾನೂ ಬಿಡ್ಬೇಡಿ, ಟವರನ್ನೇ ಕೇಳಿ.

ಹೆಜ್ಜೆ 9: ಮಾತೇ ನಿಂತುಹೋದ್ರೆ

ಹೊಸ ಫ್ರೀಕ್ವೆನ್ಸಿಗೆ ಹೋಗೋವಾಗ ಹಳೇದನ್ನ ಸ್ಟ್ಯಾಂಡ್‌ಬೈನಲ್ಲಿ ಉಳಿಸ್ಕೊಳ್ಳಿ, ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ವಾಪಸ್ ಅಲ್ಲಿಗೇ ಹೋಗಿ ಕೇಳಬಹುದು. ಎರಡನೇ ರೇಡಿಯೋದಲ್ಲಿ ತುರ್ತು ಫ್ರೀಕ್ವೆನ್ಸಿ 121.5 ಯಾವಾಗ್ಲೂ ಕೇಳ್ತಿರಿ. 2017ರ ಫೆಬ್ರವರಿಯಲ್ಲಿ ಮುಂಬೈಯಿಂದ ಲಂಡನ್‌ಗೆ ಹೊರಟ ಜೆಟ್ ಏರ್‌ವೇಸ್ ವಿಮಾನ ಜರ್ಮನಿ ಮೇಲೆ ಸಂಪರ್ಕ ಕಳ್ಕೊಂಡಾಗ ಅಲ್ಲಿನ ಫೈಟರ್ ಜೆಟ್‌ಗಳು ಎದ್ದು ಪಕ್ಕಕ್ಕೆ ಬಂದಿದ್ವು. ರೇಡಿಯೋ ನಿಜವಾಗ್ಲೂ ಕೆಟ್ಟಿದ್ರೆ ಸ್ಕ್ವಾಕ್ 7600, ಟವರಿನ ಲೈಟ್ ಸಿಗ್ನಲ್ ನೋಡಿ, ಹಾರ್ತಿರೋವಾಗ ಸ್ಥಿರ ಹಸಿರು ಅಂದ್ರೆ ಇಳೀಬಹುದು, ಸ್ಥಿರ ಕೆಂಪು ಅಂದ್ರೆ ಬೇರೆಯವರಿಗೆ ದಾರಿ ಕೊಟ್ಟು ಸುತ್ತು ಹೊಡೀತಿರಿ.

ಕಂಟ್ರೋಲರ್ ಆಗೋರಿಗೆ ಎರಡು ಮಾತು

ಒಂದೇ ಉಸಿರಲ್ಲಿ ಎತ್ತರ, ಹೆಡಿಂಗ್, ಸ್ಪೀಡ್, ಫ್ರೀಕ್ವೆನ್ಸಿ ಎಲ್ಲ ಕೊಟ್ರೆ ಯಾವುದಾದ್ರೂ ಒಂದು ಜಾರತ್ತೆ, ಎರಡೆರಡಾಗಿ ಕೊಡಿ. ರೀಡ್‌ಬ್ಯಾಕ್ ಬರೋವಾಗ ಮುಂದಿನ ವಿಮಾನದ ಕಡೆ ಮನಸ್ಸು ಹೋಗ್ಬಾರದು. ಮತ್ತೆ ಪೈಲಟ್ ಜೊತೆ ಮಾತ್ರ ಅಲ್ಲ, ಪಕ್ಕದ ಕುರ್ಚಿಯ ಕಂಟ್ರೋಲರ್ ಜೊತೆಗೂ ಇದೇ ಶಿಸ್ತು ಬೇಕು. 2022ರ ಜನವರಿ 7ರ ಬೆಳಗ್ಗೆ ನಮ್ಮ ಕೆಂಪೇಗೌಡ ಏರ್‌ಪೋರ್ಟ್‌ನಲ್ಲೇ ದಕ್ಷಿಣದ ರನ್‌ವೇ ಬಳಸೋದು ನಿಲ್ಲಿಸ್ಬೇಕು ಅಂತ ತೀರ್ಮಾನ ಆಗಿದ್ದು ಸೌತ್ ಟವರ್ ಕಂಟ್ರೋಲರ್‌ಗೆ ತಲುಪ್ಲೇ ಇಲ್ಲ. ಕೋಲ್ಕತ್ತಾಗೆ ಒಂದು, ಭುವನೇಶ್ವರಕ್ಕೆ ಒಂದು, ಎರಡು ಇಂಡಿಗೋ ವಿಮಾನಗಳು ಪಕ್ಕಪಕ್ಕದ ರನ್‌ವೇಗಳಿಂದ ಒಟ್ಟಿಗೇ ಎದ್ದು ಒಂದರ ಕಡೆ ಒಂದು ಹೋಗ್ತಿದ್ವು. ಅಪ್ರೋಚ್ ರೇಡಾರ್ ಕಂಟ್ರೋಲರ್ ನೋಡಿ ಎರಡಕ್ಕೂ ಬೇರೆ ಬೇರೆ ಹೆಡಿಂಗ್ ಕೊಟ್ಟಿದ್ದಕ್ಕೆ 400ಕ್ಕೂ ಹೆಚ್ಚು ಜನ ಉಳ್ಕೊಂಡ್ರು. ಆ ದಿನ ಎರಡೂ ವಿಮಾನದ ಪೈಲಟ್‌ಗಳಿಗೆ ಸಿಕ್ಕಿದ ಟೇಕಾಫ್ ಅನುಮತಿ ಪದಕ್ಕೆ ಪದ ಸರಿ ಇತ್ತು, ತಪ್ಪಿದ್ದು ಟವರಿನೊಳಗಿನ ಮಾತು.

ಮನೇಲೇ ಪ್ರಾಕ್ಟೀಸ್ ಮಾಡೋದು ಹೇಗೆ

ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಡಿ ನಂಬರ್ ಪ್ಲೇಟ್ ಓದಿ. ಕೆಎ 05 ಎಮ್‌ಎಚ್ 4935 ಅಂತಿದ್ರೆ "ಕಿಲೋ ಆಲ್ಫಾ ಝೀರೋ ಫೈಫ್ ಮೈಕ್ ಹೋಟೆಲ್ ಫೋವರ್ ನೈನರ್ ಟ್ರೀ ಫೈಫ್" ಅಂತ ಬಾಯಿಬಿಟ್ಟು ಹೇಳಿ, ಸ್ವಲ್ಪ ದಿನದಲ್ಲೇ ಯೋಚ್ನೆ ಮಾಡದೆ ಬರತ್ತೆ. ಹಕಾರ ಬೀಳಿಸೋ ಅಭ್ಯಾಸ ಇರೋರು "ಹೋಲ್ಡ್", "ಹೆಡಿಂಗ್", "ಹಂಡ್ರೆಡ್" ಈ ಮೂರನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿಸ್ಕೊಳ್ಳಿ. ಬೇರೆ ದೇಶದ ಟವರ್ ಆಡಿಯೋ ಇಂಟರ್ನೆಟ್‌ನಲ್ಲಿ ಸಿಗತ್ತೆ, ಕೇಳ್ತಾ ಕೇಳ್ತಾ ಎತ್ತರ, ಹೆಡಿಂಗ್, ಫ್ರೀಕ್ವೆನ್ಸಿ ಬರ್ಕೊಳ್ಳಿ. ನಮ್ಮಲ್ಲಿ ಏರ್‌ಬ್ಯಾಂಡ್ ಸ್ಕ್ಯಾನರ್ ಇಟ್ಕೊಳ್ಳೋ ಆಸೆ ಇರೋರು ಲೈಸೆನ್ಸ್ ನಿಯಮ ವಿಚಾರಿಸದೆ ಕೈ ಹಾಕ್ಬೇಡಿ.

ಎಲ್ಲಕ್ಕಿಂತ ಉಪಯೋಗ ಆಗೋದು ಜೋಡಿ ಅಭ್ಯಾಸ. ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂತ್ಕೊಳ್ಳಿ, ಮುಖ ಕಾಣ್ಬಾರದು, ಪಕ್ಕದಲ್ಲಿ ಟಿವಿ ಜೋರಾಗಿ ಇರ್ಲಿ. ಒಬ್ಬರು ಟವರ್, ಒಬ್ಬರು ಪೈಲಟ್. ಪೈಲಟ್ ಆಗಿರೋರು ಆಗಾಗ ಹೇಳದೆ ಕೇಳದೆ ರೀಡ್‌ಬ್ಯಾಕ್‌ನಲ್ಲಿ ಒಂದು ಅಂಕಿ ತಪ್ಪು ಹೇಳ್ಬೇಕು, ಟವರ್ ಆಗಿರೋರು ಅದನ್ನ ಹಿಡಿದು "ನೆಗೆಟಿವ್" ಅಂತ ಹೇಳಿ ಪೂರ್ತಿ ಇನ್‌ಸ್ಟ್ರಕ್ಷನ್ ಇನ್ನೊಂದು ಸಲ ಕೊಡ್ಬೇಕು. ಆಮೇಲೆ ಅದಲುಬದಲು ಮಾಡ್ಕೊಂಡು ಟವರ್ ಆಗಿರೋರು ಬೇಕಂತಲೇ ಅರ್ಧಂಬರ್ಧ ಇನ್‌ಸ್ಟ್ರಕ್ಷನ್ ಕೊಡ್ಲಿ, ಪೈಲಟ್ ಆಗಿರೋರು ಊಹೆ ಮಾಡಿ ಮುಂದುವರಿದ್ರೆ ಅಲ್ಲಿಗೆ ಆಟ ನಿಲ್ಲಿಸಿ ಮೊದಲಿಂದ ಶುರು ಮಾಡಿ.